ತನ್ನ ಮೇಲೆ ತಾನೇ ದೂರು ಕೊಟ್ಟ ಗುತ್ತೇದಾರ

ದುಡ್ಡು ಕೊಡುವಾಗ ಸಾಕ್ಷಿ ಬೇಕೆನ್ನುವವರನ್ನು ನೀವು ನೋಡಿರಬಹುದು. ಆದರೆ ಹೆಂಡತಿಗೆ ಸಂತೆಯ ಖರ್ಚು ಕೊಡಲು ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಳ್ಳುವ ಗಂಡನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ಮನೆ ಬಸವಕಲ್ಯಾಣದಲ್ಲಿ. ಹುಮನಾಬಾದಿನ ಒಂದು ಕಾರ್ಖಾನೆಗೆ ಕೂಲಿಯವರನ್ನು ಒದಗಿಸುವ ಗುತ್ತಿಗೆ. ತೊಂಬತ್ತರ ದಶಕದ ಕೊನೆಯ ಮಾತಿದು. ಗುತ್ತೇದಾರ ಎಂದರೆ ಜೀಪು, ಗರಿಗರಿ ಬಿಳಿ ಅಂಗಿ, ಬೆರಳ ತುಂಬ ಉಂಗುರ ಅಲ್ಲವೇ? ಮಾವ ಮಾತ್ರ ತಮ್ಮ ಕೂಲಿ ಹೆಂಗಸರ ಜೊತೆಗೇ ಸರ್ಕಾರಿ ಬಸ್ಸಿನಲ್ಲಿ ಜೋತಾಡುತ್ತಿದ್ದರು. ಮದುವೆ ಮನೆಯಲ್ಲೂ ಕಾರ್ಮಿಕ ಕಾಯ್ದೆ ಹೇಳುತ್ತಿದ್ದರು. ಹೀಗಾಗಿ ಪಂಕ್ತಿಯಲ್ಲಿ ಅವರ ಪಕ್ಕದ ಜಾಗ ಯಾವಾಗಲೂ ಖಾಲಿ!

ಗುತ್ತಿಗೆ ಕೂಲಿಯವರಿಗೆ ಪಗಾರ ಹಂಚುವಾಗ ಕಾರ್ಖಾನೆಯ ಪ್ರತಿನಿಧಿ ಎದುರಿಗಿರಬೇಕು ಎಂಬುದು ಕಾಯ್ದೆ. ನಡುವೆ ಗುತ್ತೇದಾರ ನುಂಗಬಾರದಲ್ಲ! ಉಳಿದವರು ಪಗಾರ ಹಂಚಿ ಆಮೇಲೆ ಆ ಪ್ರತಿನಿಧಿಯ ಸಹಿ ಹಾಕಿಸುತ್ತಿದ್ದರು. ಮಾವ ಹಾಗಲ್ಲ. ಕಾರ್ಖಾನೆಯ ಕಾರಕೂನ ಚಹಾ ಮುಗಿಸಿ ಬಂದು ಎದುರು ಕೂರುವ ತನಕ ರೊಕ್ಕದ ಚೀಲ ಬಿಚ್ಚುತ್ತಿರಲಿಲ್ಲ.

"ಅಣ್ಣಾರ, ಘಾಟಬೋರಾಳ ಬಸ್ ಹೋಗ್ತದ್ರಿ, ಲಗೂ ಕೊಡ್ರಿ," ಎಂದು ಕಾಶೀಬಾಯಿ ಗೋಗರೆಯುತ್ತಿದ್ದಳು. ಮೂಟೆ ಹೊಲಿಯುವ ಹೆಂಗಸರಲ್ಲಿ ಅವಳೇ ಹಿರಿಯಳು.

"ನನ್ನ ಮ್ಯಾಲ ನನಗೇ ಭರೋಸಾ ಇಲ್ಲವ್ವಾ. ನಾನೂ ಗುತ್ತೇದಾರನೇ ಅಲ್ಲೇನು?"

ಇದೇ ಚಾಳಿ ಮನೆಗೂ ಬಂತು. ಪಕ್ಕದ ಮನೆಯವರ ಎದುರಿಗೇ ಅತ್ತೆ ಒಮ್ಮೆ ರೇಗಿದರು. "ನಾ ಏನ್ ನಿಮ್ಮ ಕೂಲಿಯಾಕಿ ಏನ್ರಿ?"

"ಛೇ! ಕೂಲಿಯಾಕಿಗಿ ಇಷ್ಟು ಕಮ್ಮಿ ಕೊಟ್ರ ನನ್ನ ಮ್ಯಾಲ ಕೇಸ್ ಆಗ್ತಿತ್ತು!"

ನಕ್ಕದ್ದು ಅಲ್ಲಿಯವರೆಗೆ. ಸರ್ಕಾರ ಕನಿಷ್ಠ ವೇತನ ಏರಿಸಿತು. ಮಾವ ಕಾರ್ಖಾನೆಯ ಮ್ಯಾನೇಜರರ ಬಳಿ ಹೋಗಿ ಅದಕ್ಕೆ ತಕ್ಕ ದರ ಕೇಳಿದರು.

"ಗುತ್ತಿಗೆ ಮುಗಿಯೋತನಕ ಹಳೇ ದರನೇ. ಪೂರಾ ಕೊಟ್ಟೀನಂತ ಅಂಗಠಾ ಒತ್ತಿಸಿಕೊಳ್ರಿ, ಹಳೇದೇ ಕೊಡ್ರಿ. ಎಲ್ಲಾರೂ ಹಂಗೇ ಮಾಡಾಕತ್ತಾರ," ಎಂದರು ಅವರು.

ಸುಳ್ಳು ಹೆಬ್ಬೆಟ್ಟು ಮಾವನಿಂದ ಆಗದು. ಕೈಯಿಂದ ಹಾಕಿ ಕೊಡೋಣವೆಂದರೆ ಇದ್ದಬದ್ದ ರೊಕ್ಕವೆಲ್ಲ ಠೇವಣಿಯಾಗಿ ಕಾರ್ಖಾನೆಯಲ್ಲೇ ಸಿಕ್ಕಿಕೊಂಡಿತ್ತು. ಹೆಂಗಸರು ಬಾಯಿ ಬಿಟ್ಟರೆ ಮರುದಿನವೇ ಗೇಟಿನ ಹೊರಗೆ. ಕೆಲವು ತಿಂಗಳು ಹಳೆಯ ಕೂಲಿಯನ್ನೇ ಕೊಟ್ಟರು, ಅಷ್ಟನ್ನೇ ಬರೆದರು. ಊಟ ಸೇರದೆ ಸೊರಗಿಹೋದರು. ಕೊನೆಗೊಂದು ದಿನ ಕಾರ್ಮಿಕ ಕಚೇರಿಗೆ ಹೋಗಿ, ಗುತ್ತೇದಾರ ಕೂಲಿ ಕಡಿಮೆ ಕೊಡುತ್ತಿದ್ದಾನೆಂದು ದೂರು ಕೊಟ್ಟರು.

"ಗುತ್ತೇದಾರ ಯಾರ್ರಿ?" ಎಂದರು ಅಧಿಕಾರಿ.

"ನಾನೇರಿ."

"ಮತ್ತ ದೂರು ಕೊಡೋರು?"

"ಅದೂ ನಾನೇರಿ."

ಅಧಿಕಾರಿ ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ತರಿಸಿದರಂತೆ. ಮಾವನಿಗೋ ತಮಗೋ ತಿಳಿಯದು!

ಹುಚ್ಚೆಂದಿರಾ? ಕಾಯ್ದೆಯ ಪ್ರಕಾರ, ಗುತ್ತೇದಾರ ಕಡಿಮೆ ಕೊಟ್ಟರೆ ಉಳಿದದ್ದನ್ನು ಕಾರ್ಖಾನೆಯೇ ಕೂಲಿಯವರಿಗೆ ಕೊಡಬೇಕು. ಆಮೇಲೆ ಅದನ್ನು ಗುತ್ತೇದಾರನಿಂದ ಮುರಿದುಕೊಳ್ಳಬಹುದು. ಹಾಗೇ ಆಯಿತು. ಹೆಂಗಸರಿಗೆ ಬಾಕಿ ಸಿಕ್ಕಿತು, ಮುಂದೆ ಹೊಸ ಗುತ್ತೇದಾರನೂ ಹೊಸ ದರವನ್ನೇ ಕೊಡಬೇಕಾಯಿತು. ಮಾವನ ಠೇವಣಿ ಮುಳುಗಿತು, ಗುತ್ತಿಗೆ ಹೋಯಿತು. ಹೀಗೇ ಆಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು.

ಮುಂದಿನ ವಾರ ತಮ್ಮ ಸಾಮಾನು ತರಲು ಹುಮನಾಬಾದಿಗೆ ಹೊರಟರು. ಒಬ್ಬರೇ ಹೋಗುವುದು ಬೇಡವೆಂದು ಅತ್ತೆ ನನ್ನನ್ನು ಜೊತೆ ಮಾಡಿದರು. ಗೋದಾಮಿನ ನೆರಳಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಮಾವ ಅವರತ್ತ ನೋಡದೆ ದಾಟಿಹೋಗಲು ನೋಡಿದರು. ಕಾಶೀಬಾಯಿ ಎದ್ದು ಬಂದು ಅಡ್ಡ ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

"ನಮಗೊಂದು ಮಾತ್ ಕೇಳಬೇಕಿತ್ತಲ್ರಿ ಅಣ್ಣಾರ. ಕೇಳಿದ್ರ ಬ್ಯಾಡ ಅಂತಿದ್ದೆವು."

"ಅದಕ್ಕ ಕೇಳಲಿಲ್ಲವ್ವಾ."

ಅವಳು ಮಾವನ ಕೈ ಹಿಡಿದು ಕರೆದೊಯ್ದು ತನ್ನ ಪಕ್ಕ ಕೂರಿಸಿಕೊಂಡಳು. ರೊಟ್ಟಿಯ ಮೇಲೆ ಪುಂಡಿಪಲ್ಯೆ ಇಟ್ಟು ಕೊಟ್ಟಳು. ಮಾವ ಒಂದು ತುತ್ತು ಮುರಿದರು, ಬಾಯಿಗಿಡಲಾಗಲಿಲ್ಲ. ಅಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅಂದೇ. ನನಗೂ ತಡೆಯಲಾಗಲಿಲ್ಲ.

ಕಾಶೀಬಾಯಿ ಆ ತುತ್ತನ್ನು ತಾನೇ ತೆಗೆದುಕೊಂಡು ಅವರ ಬಾಯಿಯ ಹತ್ತಿರ ಹಿಡಿದಳು.

"ಅಳಬ್ಯಾಡೋ ಅಣ್ಣಾ, ಉಣ್ಣು."