ಭಾವಿ ಲೇಖಕರ ಬಾವಿ

"ಈ ಸಲ ಯಾವ ಪ್ರಕಾಶಕರ ಕಾಲಿಗೂ ಬೀಳಂಗಿಲ್ಲ. ನೀ ಕಂಪ್ಲಿಯಿಂದ ತಿರುಗಿ ಬರೋದ್ರೊಳಗ ನನ್ನ ಕಾದಂಬರಿ ಜಗತ್ತಿಗೆಲ್ಲ ಮುಟ್ಟಿರ್ತದ, ನೋಡ್ತಿರು."

ಹೊಸಪೇಟೆಯ ತನ್ನ ಮನೆಯ ನಡುಕೋಣೆಯಲ್ಲಿ ನಿಂತು ಮನೋಹರ್ ಹೀಗೆ ಶಪಥ ಮಾಡಿದಾಗ ಅವನ ಹೆಂಡತಿ ಗಂಗಾಂಬಿಕಾ ಬ್ಯಾಗಿನ ಜಿಪ್ಪಿನೊಂದಿಗೆ ಗುದ್ದಾಡುತ್ತಿದ್ದಳು. ಕಂಪ್ಲಿಯಲ್ಲಿ ಅವಳ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು.

"ಜಗತ್ತು ಎಲ್ಲೂ ಓಡಿ ಹೋಗಂಗಿಲ್ರಿ. ಮೊದಲು ಈ ಜಿಪ್ ಎಳೀರಿ," ಎಂದಳು.

ಮನೋಹರ್ ಜಿಪ್ ಎಳೆದ. ಅವನಿಗೆ ಕುರೆಕುಪ್ಪದ ಹತ್ತಿರ ಸ್ಟೀಲ್ ಪ್ಲಾಂಟಿನ ಗುತ್ತಿಗೆದಾರರೊಬ್ಬರ ಬಳಿ ಕೂಲಿಗಳ ಹಾಜರಿ ಬರೆಯುವ ಕೆಲಸ. ಹಗಲು ಬದುಕಿರುವವರ ಹೆಸರು ಬರೆಯುತ್ತಿದ್ದ, ಸಂಜೆ ಸತ್ತವರ ಕಥೆ ಬರೆಯುತ್ತಿದ್ದ. ಅವನ ಕಾದಂಬರಿಯಲ್ಲಿ ಒಂದು ಹಳೆಯ ಮೆಟ್ಟಿಲ ಬಾವಿ, ಅದರೊಳಗೆ ಗಂಡನಿಗಾಗಿ ಕಾಯುವ ಒಬ್ಬ ಸತ್ತ ಹೆಂಗಸು. ಮೊದಲ ಪ್ರಕಾಶಕರು ದೆವ್ವದ ಕಥೆಗಳಿಗೆ ಈಗ ಕಾಲವಿಲ್ಲ ಎಂದಿದ್ದರು. ಎರಡನೆಯವರು ಏನೂ ಅನ್ನದೆ ತಾವೇ ದೆವ್ವದಂತೆ ಮಾಯವಾಗಿದ್ದರು. ಆಗ ಮನೋಹರನ ಕೈಹಿಡಿದದ್ದು ಇಂಟರ್ನೆಟ್ಟು. ಯಾರ ಹಂಗೂ ಇಲ್ಲದೆ ಬರೆದು, ತಿದ್ದಿ, ಮುಖಪುಟ ಹಾಕಿ, ಲೋಕಕ್ಕೆ ಬಿಡಲು ಬೇಕಾದ ಸಕಲ ಸಲಕರಣೆಗಳೂ ಅಲ್ಲಿ ಬಿಟ್ಟಿಯಾಗಿ ಬಿದ್ದಿದ್ದವು.

"ನೋಡಿಲ್ಲಿ," ಎಂದು ಅವನು ಲ್ಯಾಪ್‌ಟಾಪನ್ನು ಹೆಂಡತಿಯತ್ತ ತಿರುಗಿಸಿ ಓದಿದ. "ಭಾವಿ ಲೇಖಕರಿಗೆ ಸ್ವಾಗತ."

"ಯಾವ ಬಾವಿರಿ? ಮಲಪನಗುಡಿ ಬಾವಿನಾ?"

"ಆ ಬಾವಿ ಅಲ್ಲ. ಭಾವಿ. ಅಂದ್ರ ಮುಂದ ಲೇಖಕ ಆಗೋನು."

"ಹೋದ ವರ್ಷಾನೂ ಮುಂದ ಆಗೋರೇ ಇದ್ರಿ," ಎನ್ನುತ್ತ ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟಳು.

ಅವಳು ಹೋದ ಮೇಲೆ ಮನೋಹರ್ ರಣರಂಗಕ್ಕೆ ಇಳಿದ. ಪಾತ್ರಗಳಿಗೆ ಹೆಸರು ಹುಟ್ಟಿಸಿಕೊಡುವ ಜಾಲತಾಣವೊಂದು ಅವನ ನಾಯಕಿಗೆ ಇಂಗ್ಲೆಂಡಿನ ದೊರೆಸಾನಿಯ ಹೆಸರು ಸೂಚಿಸಿತು. ಕಥೆ ಹೊಳೆಯದವರಿಗೆ ಕಥೆ ಹೊಳೆಸುವ ಇನ್ನೊಂದು, ಹಿಮ ಬಿದ್ದ ಕೋಟೆಯಲ್ಲಿ ಒಬ್ಬಂಟಿ ಹುಡುಗಿಯನ್ನು ಕೂರಿಸಿ ಎಂದಿತು. ಹೊರಗೆ ಹೊಸಪೇಟೆಯ ಬಿಸಿಲು ಸಿಮೆಂಟು ರಸ್ತೆಯನ್ನು ಹೆಂಚಿನಂತೆ ಕಾಯಿಸುತ್ತಿತ್ತು. ತಪ್ಪು ತಿದ್ದುವ ತಾಣಕ್ಕೆ ಕನ್ನಡವೆಂದರೆ ಆರಂಭದಿಂದ ಅಂತ್ಯದವರೆಗೆ ಒಂದೇ ತಪ್ಪು. ಇಡೀ ಅಧ್ಯಾಯದ ಕೆಳಗೆ ಕೆಂಪು ಗೆರೆ ಎಳೆದು ಕೈತೊಳೆದುಕೊಂಡಿತು. ಹೊಸ ಬರಹಗಾರರ ಬಳಗವೊಂದಿತ್ತು. ಅಲ್ಲಿ ಎಲ್ಲರೂ ಎಲ್ಲರನ್ನೂ "ಅದ್ಭುತ" ಎನ್ನುತ್ತಿದ್ದರು, ಯಾರೂ ಯಾರದ್ದನ್ನೂ ಓದುತ್ತಿರಲಿಲ್ಲ. ಇದೊಂದು ಮಾತ್ರ ಮನೋಹರನಿಗೆ ಅಚ್ಚುಕಟ್ಟಾದ ಕನ್ನಡ ಸಾಹಿತ್ಯಲೋಕದಂತೆ ಕಂಡು ನೆಮ್ಮದಿಯಾಯಿತು.

ಆಮೇಲೆ ಸಿಕ್ಕಿತು ಓದುವ ಯಂತ್ರ. ಬರೆದದ್ದನ್ನು ಕೊಟ್ಟರೆ ಅದು ದನಿಯಲ್ಲಿ ಓದಿ ಆಡಿಯೋ ಪುಸ್ತಕ ಮಾಡಿಕೊಡುತ್ತದೆ. ಆದರೆ ಅದರ ಕನ್ನಡದ ಹೆಣ್ಣುದನಿ ಸತ್ತ ಹೆಂಗಸಿನ ಅಳಲನ್ನು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಓದಿತು. ಬಾವಿಯೊಳಗಿನ ಆತ್ಮ ಯಾವ ಪ್ಲಾಟ್‌ಫಾರ್ಮಿಗೆ ಬರಲಿದೆ ಎಂದು ಹೇಳುವುದೊಂದು ಬಾಕಿ. ಕೆಳಗೆ ಇನ್ನೊಂದು ಗುಂಡಿ ಇತ್ತು: 'ನಿಮಗಿಷ್ಟವಾದ ಧ್ವನಿಯನ್ನು ನೀವೇ ಕೊಡಿ.'

ಮನೋಹರನ ಬಳಿ ಒಂದೇ ಒಂದು ಹೆಣ್ಣುದನಿಯ ಸಂಗ್ರಹವಿತ್ತು. ಗಂಗಾಂಬಿಕಾ ಟೈಪು ಮಾಡುವವಳಲ್ಲ. ವಾಟ್ಸ್ಆ್ಯಪಿನಲ್ಲಿ ಮಾತಾಡಿಯೇ ಕಳಿಸುತ್ತಾಳೆ. ಗ್ಯಾಸ್ ಆರಿಸಿದಿರಾ, ಮೊಸರಿಗೆ ಹೆಪ್ಪು ಹಾಕಿರಿ, ಒಣಗಿದ ಬಟ್ಟೆ ಒಳಗೆ ತನ್ನಿರಿ. ವರ್ಷಗಳಿಂದ ಕೂಡಿಬಿದ್ದ ಆ ಸಂದೇಶಗಳನ್ನೆಲ್ಲ ಅವನು ಯಂತ್ರದ ಬಾಯಿಗೆ ಸುರಿದ. ಹೆಂಡತಿಯನ್ನು ಒಂದು ಮಾತು ಕೇಳಬೇಕಿತ್ತು ಎಂದು ಅನ್ನಿಸಿತು. ಆದರೆ ಕೇಳಿದರೆ ಬೇಡ ಎಂದಾಳು ಎಂದೂ ಅನ್ನಿಸಿತು.

ಯಂತ್ರ ಸ್ವಲ್ಪ ಹೊತ್ತು ಚಕ್ರ ತಿರುಗಿಸಿತು. ಸಂಜೆಗೆಂಪು ಕಿಟಕಿಯಿಂದ ಆಗಷ್ಟೇ ಇಳಿಯುತ್ತಿತ್ತು. ಪಕ್ಕದಲ್ಲೇ ನಿಂತಂತೆ ಗಂಗಾಂಬಿಕಾ ಹೇಳಿದಳು:

"ಬಾಗ್ಲ ತೆಗೀರಿ. ನಾನು ಸತ್ತು ಭಾಳ ದಿನ ಆತು."

ಮನೋಹರನ ಬೆನ್ನಹುರಿಯಲ್ಲಿ ಇರುವೆ ಹರಿಯಿತು. ಬರೆದವನು ಅವನೇ, ವಾಕ್ಯ ಬರುತ್ತದೆ ಎಂದು ಅವನಿಗೆ ಗೊತ್ತೇ ಇತ್ತು. ಆದರೂ ಎದ್ದು ಅಡುಗೆಮನೆಗೆ ಹೋಗಿ ಇಣುಕಿ ಬಂದ. ಯಾರೂ ಇರಲಿಲ್ಲ. ಕಡೆಗೆ ಮತ್ತೆ ಕೇಳಿದ. ವಾಕ್ಯ ಮುಗಿದ ಮೇಲೆ ಆ ದನಿ ನಾಲಿಗೆಯಿಂದ 'ಚ್' ಎಂದು ಲೊಚಗುಟ್ಟಿ ಸಣ್ಣ ಉಸಿರೊಂದನ್ನು ಬಿಟ್ಟಿತು. ಆ ಉಸಿರನ್ನು ಅವನು ಬರೆದಿರಲಿಲ್ಲ. ಅದು ಗಂಗಾಂಬಿಕಾಳದೇ ಉಸಿರು, ಕಂಪ್ಲಿಯಲ್ಲಿರಬೇಕಾದದ್ದು. ಅವನು ಅವಳಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಆಸ್ಪತ್ರೆಯಲ್ಲಿ ಚಾರ್ಜು ಮುಗಿದಿರಬೇಕು ಎಂದು ಸಮಾಧಾನ ಮಾಡಿಕೊಂಡು, ಹಿನ್ನೆಲೆಗೆ ನೀರು ತೊಟ್ಟಿಕ್ಕುವ ಸದ್ದನ್ನೂ ಇನ್ನೊಂದು ತಾಣದಿಂದ ತಂದು ಜೋಡಿಸಿದ. ಹೆದರಿದ್ದು ನಿಜ. ಆದರೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ಕೇಳಿಸಿಕೊಳ್ಳೋಣವೆಂದು ಅಡುಗೆಮನೆಯ ಬ್ಲೂಟೂತ್ ಸ್ಪೀಕರಿಗೆ ದನಿ ಜೋಡಿಸಿ, ಮುಗಿದಂತೆಲ್ಲ ಮತ್ತೆ ಮೊದಲಾಗುವಂತೆ ಬಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟಿನ ಜೊತೆ ಇಂಟರ್ನೆಟ್ಟೂ ಹೋಗಿ ದನಿ ವಾಕ್ಯದ ನಡುವೆಯೇ ನಿಂತಿತು. ಬೀದಿಯ ತುದಿಯಲ್ಲಿ ಕಂಪನಿ ಬಸ್ಸಿನ ಹಾರ್ನು ಕೇಳಿ ಮನೋಹರ್ ಅರ್ಧ ಗಡ್ಡದಲ್ಲೇ ಬೀಗ ಹಾಕಿ ಓಡಿದ. ಪ್ಲಾಂಟಿನ ಗೇಟಿನಲ್ಲಿ ಫೋನು ಒಪ್ಪಿಸಿ ಒಳಗೆ ಹೋದ.

ಆಮೇಲೆ ನಡೆದದ್ದು ಅವನಿಗೆ ತಿಳಿದದ್ದು ಸಂಜೆಗೆ.

ಮಧ್ಯಾಹ್ನ ಕರೆಂಟು ಬಂತು, ಅದರ ಜೊತೆ ಇಂಟರ್ನೆಟ್ಟೂ ಬಂತು. ಪಕ್ಕದ ಮನೆಯ ತಿಪ್ಪಕ್ಕ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಾಯಿಗಳು ಕೂಡ ಚರಂಡಿಯ ನೆರಳಿಗೆ ಸೇರಿದ್ದವು. ಮನೋಹರನ ಅಡುಗೆಮನೆಯ ಕಿಟಕಿಯಿಂದ ನೀರು ತೊಟ್ಟಿಕ್ಕುವ ಸದ್ದು ಬಂತು. ಆಮೇಲೆ ಗಂಗಾಂಬಿಕಾಳ ದನಿ.

"ಬಾಗ್ಲ ತೆಗೀರಿ."

"ಯಾವಾಗ ಬಂದ್ಯವ್ವಾ? ನಿಮ್ಮವ್ವನ ಕಣ್ಣು ಹೆಂಗೈತಿ?" ಎನ್ನುತ್ತ ತಿಪ್ಪಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂಬಾಗಿಲಿಗೆ ಬಂದಳು. ಬಾಗಿಲಿಗೆ ಹೊರಗಿನಿಂದ ಬೀಗ. ಅವಳು ಮತ್ತೆ ಕಿಟಕಿಯ ಬಳಿಗೆ ಹೋಗಿ, ಈ ಸಲ ಮೆಲ್ಲಗೆ, "ಗಂಗವ್ವಾ, ಎಲ್ಲಿ ಅದಿಯವ್ವಾ?" ಎಂದಳು.

"ನೀರಾಗ ಅದೀನಿ. ಭಾಳ ಥಂಡಿ ಐತ್ರಿ."

ತಿಪ್ಪಕ್ಕನಿಗೆ ಆ ಬಿಸಿಲಲ್ಲಿ ಚಳಿ ಹತ್ತಿತು. "ಯಾರು ಮಾಡಿದ್ರವ್ವಾ ಹಿಂಗ?"

ಒಳಗೆ ನೀರು ತೊಟ್ಟಿಕ್ಕಿತು. "ನನ್ನ ಗಂಡ ನನ್ನ ಇಲ್ಲೇ ಬಿಟ್ಟು ಹೋದ್ರು. ಮ್ಯಾಲ ಕಲ್ಲು ಎಳದ್ರು." ಆಮೇಲೆ 'ಚ್' ಎಂಬ ಲೊಚಗುಟ್ಟುವಿಕೆ, ಸಣ್ಣದೊಂದು ಉಸಿರು.

ಗಂಗಾಂಬಿಕಾಳಿಗೆ ಹಚ್ಚಿದ ಫೋನು ಸ್ವಿಚ್ ಆಫ್. ಮನೋಹರನ ಫೋನು ಪ್ಲಾಂಟಿನ ಗೇಟಿನಲ್ಲಿ ಒಂದೇ ಸಮ ಬಡಿದುಕೊಂಡು ಸುಮ್ಮನಾಯಿತು. ತಿಪ್ಪಕ್ಕ ಎದುರುಮನೆಯ ಭರಮಣ್ಣನನ್ನು ಎಬ್ಬಿಸಿದಳು. ಅವನು ಕೆಲಸದಿಂದ ನಿವೃತ್ತನಾದ ಲೈನ್‌ಮನ್. ಹೈಟೆನ್ಷನ್ ತಂತಿಗೇ ಹೆದರದವನು, ದೆವ್ವಕ್ಕೆ ಹೆದರುತ್ತಾನೆಯೇ? ನಗುತ್ತಲೇ ಬಂದ. ಕಿಟಕಿಗೆ ಕಿವಿ ಕೊಟ್ಟ. "ನಾನು ಸತ್ತು ಭಾಳ ದಿನ ಆತು," ಎಂದಿತು ಕಿಟಕಿ. ಭರಮಣ್ಣ ಮೆಣಸಿನಕಾಯಿಯ ಮೇಲೆಯೇ ಕುಳಿತುಬಿಟ್ಟ.

ಸಂಜೆ ಮನೋಹರ್ ಬಸ್ಸಿಳಿದು ಬಂದಾಗ ಇಡೀ ಓಣಿ ಅವನ ಮನೆಯ ಅಂಗಳದಲ್ಲಿತ್ತು. ಅವನನ್ನು ಕಂಡು ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು, ಅವನ ಅರ್ಧ ಗಡ್ಡವನ್ನೇ ನೋಡುತ್ತ. ನೀರಿನ ಸಂಪಿನ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಭರಮಣ್ಣ ಕೊಕ್ಕೆ ಕಟ್ಟಿದ ಗಳು ಹಿಡಿದು ನಿಂತಿದ್ದ.

"ಗಂಗವ್ವ ಎಲ್ಲಿ?" ಎಂದಳು ತಿಪ್ಪಕ್ಕ.

"ಕಂಪ್ಲಿಯಾಗ. ಯಾಕ?"

"ಮಧ್ಯಾಹ್ನ ನಾ ಆಕಿ ಜೋಡಿ ಮಾತಾಡೀನಿ."

"ಫೋನಿನ್ಯಾಗೇನು?"

"ಇಲ್ಲ. ನೀರಾಗಿಂದ ಮಾತಾಡಿದ್ಲು."

ಮನೋಹರನಿಗೆ ವಿಷಯ ಹೊಳೆಯಲು ಒಂದು ಕ್ಷಣ ಬೇಕಾಯಿತು. ಹೊಳೆದ ಮೇಲೆ ನಕ್ಕ. ಅದು ಅವನ ದೊಡ್ಡ ತಪ್ಪು. ಹೆಂಡತಿ ಕಾಣೆಯಾದ ಮನೆಯ ಮುಂದೆ ಅರ್ಧ ಗಡ್ಡದವನು ನಕ್ಕರೆ ಚೆನ್ನಾಗಿ ಕಾಣುವುದಿಲ್ಲ.

"ತಿಪ್ಪಕ್ಕ, ಅದು ಕಂಪ್ಯೂಟರ್ ದನಿ."

"ಕಂಪ್ಯೂಟರಿಗೆ ಗಂಗವ್ವನ ದನಿ ಎಲ್ಲಿಂದ ಬಂತು?"

"ನಾನೇ ಕೊಟ್ಟೆ."

"ಆಕಿಗೆ ಕೇಳಿ ಕೊಟ್ಟಿ?"

ಮನೋಹರ್ ಬೀಗದ ಕೈಗಾಗಿ ಜೇಬು ತಡಕಿದ.

"ದನಿ ತೆಗದು ಕಂಪ್ಯೂಟರಿಗೆ ಕೊಟ್ಟಿ," ಎಂದ ಭರಮಣ್ಣ ನಿಧಾನವಾಗಿ. "ಉಳಿದ ಹೆಣ್ಣುಮಗಳನ್ನ ಏನು ಮಾಡಿದಿ?"

ಮನೋಹರ್ ಬೀಗ ತೆಗೆದು ಒಳಗೆ ಓಡಿದ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಆ ಮನೆಯಲ್ಲಿ ಸತ್ತದ್ದು ಅದೊಂದೇ, ಆದರೆ ಅದನ್ನು ಯಾರಿಗೆ ಹೇಳುವುದು? ಹೊರಗೆ ಬಂದು ಗಂಗಾಂಬಿಕಾಳಿಗೆ ಎಲ್ಲರೆದುರು ಫೋನು ಹಚ್ಚಿದ. ಸ್ವಿಚ್ ಆಫ್. ಕಂಪ್ಲಿಯಲ್ಲಿದ್ದ ಅವಳ ತಮ್ಮನಿಗೆ ಹಚ್ಚಿದ. ಅವನು, "ಅಕ್ಕ ಮುಂಜಾನೇನೇ ಹೊಸಪೇಟಿಗೆ ಹೊಂಟ್ಲಲ್ಲ. ಇನ್ನೂ ಮುಟ್ಟಿಲ್ಲೇನು?" ಎಂದ.

ಮನೋಹರನ ಕೈಯಿಂದ ಫೋನು ಜಾರುವುದೊಂದು ಬಾಕಿ. ಕಂಪ್ಲಿಯಿಂದ ಹೊಸಪೇಟೆಗೆ ಬೆಳಿಗ್ಗೆ ಹೊರಟವರು ಸಂಜೆಯವರೆಗೆ ಎಲ್ಲಿ ಹೋಗುತ್ತಾರೆ? ದಾರಿಯುದ್ದಕ್ಕೂ ಕಾಲುವೆ. ನಿನ್ನೆ ಸಂಜೆಯ ದನಿ ಅವನ ಕಿವಿಯಲ್ಲಿ ಮತ್ತೆ ಲೊಚಗುಟ್ಟಿತು. ಅವನು ಬರೆಯದ ಆ ಉಸಿರು ಎಲ್ಲಿಂದ ಬಂತು? ಯಂತ್ರಕ್ಕೆ ಗೊತ್ತಿದ್ದದ್ದು ತನಗೆ ಗೊತ್ತಿರಲಿಲ್ಲವೇ? ಜನರೆಲ್ಲ ಬಗ್ಗಿ ನೋಡುತ್ತಿದ್ದ ಸಂಪಿನ ಬಾಯಿಗೆ ಅವನೂ ಬಂದ. ಬಾವಿಯ ಕತ್ತಲನ್ನು ಪುಟಗಟ್ಟಲೆ ಬಣ್ಣಿಸಿದ್ದ ಲೇಖಕನಿಗೆ ಒಂದು ಮನೆಯ ಸಂಪಿನೊಳಗೆ ಇಣುಕುವ ಧೈರ್ಯ ಇರಲಿಲ್ಲ. ಇಣುಕಿದ. ಕಪ್ಪು ನೀರು. ನೀರಿನಲ್ಲಿ ಬೆಳ್ಳಗೆ ಏನೋ ಅಲುಗಿತು. ಅದು ತನ್ನದೇ ಮುಖ ಎಂದು ತಿಳಿಯುವಷ್ಟರಲ್ಲಿ ಅವನು ನೆಲಕ್ಕೆ ಕುಸಿದು ಕುಳಿತಿದ್ದ.

"ಯಾಕ್ರಿ, ನೀರು ಬಂದಿಲ್ಲೇನು?"

ಗಂಗಾಂಬಿಕಾಳ ದನಿ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಸಂಪಿನೊಳಗೇ ಇದ್ದವು. ಭರಮಣ್ಣ ಗಳು ಕೆಳಗಿಟ್ಟು, ಸಂಪಿಗೆ ಎರಡೂ ಕೈ ಮುಗಿದು, "ಬಂದೈತಿ ತಾಯೀ," ಎಂದ.

"ಬಂದಿದ್ರ ಮತ್ತ ಎಲ್ಲಾರೂ ಯಾಕ ಇಣುಕಾಕ ಹತ್ತೀರಿ?"

ಮೊದಲು ತಿರುಗಿದವಳು ತಿಪ್ಪಕ್ಕ. ಗೇಟಿನ ಬಳಿ ಮಬ್ಬುಗತ್ತಲಲ್ಲಿ ಗಂಗಾಂಬಿಕಾ ಬ್ಯಾಗು ಹಿಡಿದು ನಿಂತಿದ್ದಳು. ತಿಪ್ಪಕ್ಕ ಅವಳ ಮುಖ ನೋಡಲಿಲ್ಲ, ಪಾದ ನೋಡಿದಳು. ಪಾದಗಳು ಮುಂದಕ್ಕೇ ಇದ್ದವು. ಹತ್ತಿರ ಹೋಗಿ ತೋಳು ಚಿವುಟಿದಳು. ಗಂಗಾಂಬಿಕಾ, "ಏನಾಗೈತಿ ತಿಪ್ಪಕ್ಕ ನಿನಗ?" ಎಂದು ಕೈ ಕೊಡವಿದಾಗ ಅಂಗಳಕ್ಕೆಲ್ಲ ಜೀವ ಬಂತು. ನೆಲದ ಮೇಲೆ ಕುಳಿತಿದ್ದ ಮನೋಹರ್ ಮಾತ್ರ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವಳು ಎರಡೆರಡಾಗಿ ಕಾಣುತ್ತಿದ್ದಳು.

ಬೆಳಿಗ್ಗೆ ಹೊರಟವಳು ದಾರಿಯಲ್ಲಿ ಗೆಳತಿ ಸುಮಂಗಲಾಳ ಮನೆಗೆ ಇಳಿದಿದ್ದಳು. ಅವಳು ಊಟ ಮಾಡಿಸದೆ ಬಿಡಲಿಲ್ಲ. ಫೋನಿನ ಚಾರ್ಜರು ಹೊಸಪೇಟೆಯ ಮನೆಯಲ್ಲೇ ಉಳಿದಿತ್ತು. ಕಥೆ ಇಷ್ಟೇ.

ಜನ ಚದುರಿದ ಮೇಲೆ ಗಂಗಾಂಬಿಕಾ ಲ್ಯಾಪ್‌ಟಾಪು ಚಾರ್ಜಿಗೆ ಹಾಕಿಸಿ, ಎದುರು ಕುಳಿತು ತನ್ನ ದನಿಯನ್ನು ಕೇಳಿದಳು. ಮುಗಿಯುವವರೆಗೆ ಕಣ್ಣು ಮಿಟುಕಿಸಲಿಲ್ಲ.

"ಈಕಿನ್ನ ಕಳಿಸ್ರಿ," ಎಂದಳು.

"ಅದು ನೀನೇ ಅಲ್ಲೇನ?"

"ನಾನಿಲ್ದಾಗ ಮನ್ಯಾಗ ಬಂದಾಕಿ ನಾನು ಹೆಂಗಾಗ್ತೀನಿ? ಕಳಿಸ್ರಿ."

ಮನೋಹರ್ ಗುಂಡಿ ಒತ್ತಿದ. 'ಈ ಧ್ವನಿಯನ್ನು ಶಾಶ್ವತವಾಗಿ ಅಳಿಸಬೇಕೆ?' ಎಂದು ತೆರೆ ಕೇಳಿತು. ಹೆಂಡತಿ ಪಕ್ಕದಲ್ಲೇ ಕುಳಿತಿದ್ದರೂ ಹೌದು ಎನ್ನಲು ಅವನ ಬೆರಳು ಮುಂದಾಗಲಿಲ್ಲ. ಅವಳೇ ಕೈಚಾಚಿ ಒತ್ತಿದಳು. ಆಮೇಲೆ ಅವನ ಮುಖ ನೋಡಿ, ಪಾಪ ಅನ್ನಿಸಿರಬೇಕು, "ಕೊಡ್ರಿ ಇಲ್ಲಿ, ನಾನೇ ಓದ್ತೀನಿ," ಎಂದಳು.

ಅವಳು ಓದತೊಡಗಿದಳು. ಯಂತ್ರಕ್ಕಿಂತ ಚೆನ್ನಾಗಿತ್ತು. ಆದರೆ ಸತ್ತ ಹೆಂಗಸು ಬಾವಿಯಿಂದ ಗಂಡನನ್ನು ಕೂಗಿ ಕರೆಯುವ ಕಡೆ ಬಂದು ನಿಂತುಬಿಟ್ಟಳು.

"ಇದು ಹಿಂಗ ಬರಂಗಿಲ್ರಿ. ಸತ್ತಾಕಿ ಕೂಗಂಗಿಲ್ಲ."

"ಮತ್ತ?"

"ಕೂಗೋದು ಬದುಕಿದ್ದಾಕಿ, ಯಾರರ ಬರ್ತಾರಂತ. ಸತ್ತಾಕಿ ಮೆಲ್ಲಕ ಮಾತಾಡ್ತಾಳ, ದಿನದ ಮಾತು. ಉತ್ತರ ಬರಂಗಿಲ್ಲಂತ ಆಕಿಗೆ ಗೊತ್ತಿರ್ತದ. ಆದ್ರೂ ಮಾತಾಡ್ತಾಳ."

ಮನೋಹರನ ಮೈ ಜುಂ ಎಂದಿತು. ಇಷ್ಟು ದಿನ ಹುಡುಕಿದ ಯಾವ ಪಾಠದಲ್ಲೂ, ಯಾವ ಬಳಗದಲ್ಲೂ ಇಂಥ ಮಾತು ಅವನಿಗೆ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪು ಎಳೆದುಕೊಂಡು ಟೈಪು ಮಾಡಲು ಅಣಿಯಾಗುತ್ತ ಆಸೆಯಿಂದ ಕೇಳಿದ:

"ಇದನ್ನ ಯಾವ ವೆಬ್‌ಸೈಟಿನ್ಯಾಗ ಓದಿದಿ?"

"ವೆಬ್‌ಸೈಟ್ ಅಲ್ರಿ," ಎಂದಳು ಗಂಗಾಂಬಿಕಾ. "ನೀವು ಬರಿಯಾಕ ಕುಂತಾಗ ನಿಮ್ಮ ಜೋಡಿ ಮಾತಾಡಿ ಮಾತಾಡಿ ಕಲ್ತೀನಿ."