ನಮ್ಮ ಮನೆ ಹೆಂಗಸರ ಅರ್ಧತಲೆನೋವು

ನಮ್ಮ ಮನೆಯ ತಲೆನೋವಿನ ಬಗ್ಗೆ ಒಮ್ಮೆ ನೆಮ್ಮದಿಯಾಗಿ ಕೂತು ಅತ್ತುಬಿಡೋಣ ಅಂದುಕೊಂಡಾಗಲೆಲ್ಲ ಏನಾದರೊಂದು ಆಗಿ ನಗು ಬಂದುಬಿಡುತ್ತದೆ. ನಕ್ಕರೆ ನೋವು ಇನ್ನೂ ಜಾಸ್ತಿ.

೧. ಟ್ರಂಕ್ ಕಾಲ್

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸಿದ್ದಾಪುರದ ಕಡೆ ಸಣ್ಣದೊಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ತಲೆಯ ಮೇಲೆ ಬಿಗಿಯಾದ ಹೆಡ್‌ಫೋನು, ಒಳಗೆ ಅರ್ಧತಲೆನೋವು. ಒಂದು ದಿನ ಕೋಲಸಿರ್ಸಿಯ ಯಜಮಾನರೊಬ್ಬರು ಯಲ್ಲಾಪುರಕ್ಕೆ ಕಾಲ್ ಕೇಳಿದರು.

"ಎಂತ ತಂಗಿ, ಧ್ವನಿಯೇ ಇಲ್ಲೆ?"

"ತಲೆನೋವು" ಅಂದೆ.

"ಶುಂಠಿ ತೇದು ಹಚ್ಚು."

ಅಷ್ಟರಲ್ಲಿ ಲೈನಿಗೆ ಬಂದ ಯಲ್ಲಾಪುರದ ಆಪರೇಟರ್, "ಶುಂಠಿ ಉರೀತದೆ, ಗಂಧ ಹಚ್ಚಿ" ಅಂದಳು. ಇಬ್ಬರಿಗೂ ಜೋರು ವಾದ. ನಾನು ಹೆಡ್‌ಫೋನು ತೆಗೆದಿಟ್ಟು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿಕೊಂಡರೆ ಯಜಮಾನರು ನರಳುತ್ತಿದ್ದರು: "ತಂಗಿ, ಕಾಲ್ ಕ್ಯಾನ್ಸಲ್ ಮಾಡು. ಆನು ಮಲಗ್ತೆ."

೨. ಡಾಕ್ಟರ ಚೀಟಿ

ನೋವು ತಡೆಯಲಾರದೆ ಅಮ್ಮನನ್ನು ಕರೆದುಕೊಂಡು ಶಿರಸಿಯ ಡಾಕ್ಟರೊಬ್ಬರ ಹತ್ತಿರ ಹೋದೆ. ಮನೆಯಲ್ಲಿ ಯಾರಿಗಿದೆ ಅಂತ ಕೇಳಿದರು. ಅಮ್ಮ, ಅಜ್ಜಿ, ಚಿಕ್ಕಮ್ಮ ಅಂತ ಬೆರಳು ಮಡಚಿದೆ.

"ಹಾಗಾದರೆ ಇದು ತಾಯಿಯಿಂದ ಬಂದಿದ್ದು" ಅಂದರು.

ಅಮ್ಮನ ಕಣ್ಣು ತುಂಬಿತು. "ಆನು ಬೇಕು ಹೇಳಿ ಕೊಟ್ಟಿದ್ನಿಲ್ಲೆ, ಡಾಕ್ಟ್ರೇ."

"ನಿಮ್ಮ ತಪ್ಪಲ್ಲ ಅಮ್ಮ, ನಮ್ಮ ತಾಯಿಯೂ ನನಗೆ ಇದನ್ನೇ ಕೊಟ್ಟಿದ್ದಾರೆ" ಎಂದು ಡಾಕ್ಟರು ಹಣೆ ಒತ್ತಿಕೊಂಡರು. ಅಮ್ಮ ತಟ್ಟನೆ ಅಳು ನಿಲ್ಲಿಸಿ ಕಷಾಯದ ವಿಧಾನ ಹೇಳತೊಡಗಿದಳು. ಅವರು ಬರೆದುಕೊಂಡರು. ಹೊರಗೆ ಬರುವಾಗ ನನ್ನ ಕೈಯಲ್ಲಿ ಅವರ ಚೀಟಿ, ಅವರ ಕಿಸೆಯಲ್ಲಿ ಅಮ್ಮನ ಚೀಟಿ.

೩. ಮಗಳು

ನನ್ನ ಮಗಳಿಗಾದರೂ ಇದು ಬರದಿರಲಿ ಅಂತ ಬೇಡದ ದೇವರಿಲ್ಲ. ಒಂಬತ್ತನೇ ವರ್ಷಕ್ಕೆ ಒಂದು ದಿನ ಶಾಲೆಯಿಂದ ಬಂದವಳು, "ಅಮಾ, ಕಣ್ಣೆದುರು ಹೊಳೆಯೋ ಗೆರೆ ಕುಣೀತಾ ಇದ್ದು" ಅಂದಳು. ಹಸಿವಿರಬಹುದು, ಬಿಸಿಲಿರಬಹುದು, ಕನ್ನಡಕ ಬೇಕಾಗಿರಬಹುದು... ಒಂದೊಂದಾಗಿ ಕೇಳಿದೆ. ಯಾವುದೂ ಅಲ್ಲ. ಆ ಗೆರೆ ನನಗೆ ಚೆನ್ನಾಗಿ ಗೊತ್ತು, ನನಗೂ ನೋವಿಗೆ ಮುಂಚೆ ಬರುವುದು ಅದೇ. ಅವಳ ತಲೆಗೆ ಒದ್ದೆ ಬಟ್ಟೆ ಕಟ್ಟುತ್ತ ಬಿಕ್ಕಿ ಬಿಕ್ಕಿ ಅತ್ತೆ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಕೈ ತಟ್ಟಿದಳು.

"ಅಳಡ ಅಮಾ. ನಿಂಗೂ ಶುರುವಾದ್ರೆ ಗಂಜಿ ಮಾಡದು ಯಾರು?"

೪. ಮೂವರೂ ಒಟ್ಟಿಗೆ

ಆ ದಿನವೂ ಬಂತು. ಆಗ ನಾವು ಇಸಳೂರಿನ ಹೊಸ ಮನೆಯಲ್ಲಿದ್ದೆವು. ಅಮ್ಮ, ನಾನು, ಮಗಳು ಕಿಟಕಿ ಮುಚ್ಚಿ, ತಲೆಗೆ ಬಿಳಿ ಬಟ್ಟೆ ಕಟ್ಟಿ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದ್ದೆವು. ನನ್ನ ಗಂಡ ಗಂಜಿ ಸೀಯಿಸಿಕೊಂಡು, ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. ಬನವಾಸಿ ಕಡೆಯಿಂದ ಹೊಸದಾಗಿ ಬಂದ ಪಕ್ಕದ ಮನೆಯವರು ವಿಚಾರಿಸಿದರು.

"ಏನಾತ್ರಿ?"

"ಬೆಳಿಗ್ಗೆ ಅತ್ತೆ. ಆಮೇಲೆ ನನ್ನ ಹೆಂಡತಿ. ಈಗ ಮಗಳೂ" ಅಂದರು ಇವರು, ಸದ್ದಿಗೆ ನಮ್ಮ ನೋವು ಹೆಚ್ಚದ ಹಾಗೆ ಪಿಸುಗುಟ್ಟುತ್ತ.

"ಅಯ್ಯೋ ಶಿವನ! ಮೂರೂ ಮಂದಿನಾ?"

"ಏನು ಮಾಡೋದು, ಅವರ ವಂಶದಲ್ಲೇ ಹಾಗೆ."

ಪಕ್ಕದ ಮನೆಯವರು ಓಡಿಹೋಗಿ ಕೇರಿಯನ್ನೆಲ್ಲ ಸೇರಿಸಿದರು. ಹೆಂಗಸರು ಒಳಗೆ ನುಗ್ಗಿ ಸಾಲಾಗಿ ಮಲಗಿದ್ದ ನಮ್ಮನ್ನು ನೋಡಿದ್ದೇ, ಎದೆ ಬಡಿದುಕೊಂಡು ಗೊಳೋ ಎಂದರು.

ಅಮ್ಮ ಹಣೆಯ ಬಟ್ಟೆ ಸರಿಸಿ ಎದ್ದು ಕೂತಳು.

"ಎಂತ ಗಲಾಟೆ ಇದು! ಸತ್ತವರ ಮನೇಲಾದ್ರೂ ಜನ ಮೆತ್ತಗೆ ಮಾತಾಡ್ತ!"