ತಿಂಗಳ ಕಾಣಿಕೆಯ ಕೆಂಪು ಹೇಂಟೆ

ಗಂಡಸರು ಸಭೆಯಲ್ಲಿ ಎದ್ದು ನಿಂತರೆ ಮನೆಯ ರೊಕ್ಕದ ಡಬ್ಬಿಗೆ ತೂತು ಬಿತ್ತೆಂದೇ ಲೆಕ್ಕ. ಹೀಗೆಂಬುದು ಶಿರಗುಪ್ಪಿಯ ಸುಗಂಧಾಳ ದೃಢ ನಂಬಿಕೆ. ಆ ಭಾನುವಾರ ಊರಿನ ಪುಟ್ಟ ಚರ್ಚಿನಲ್ಲಿ ಸಭಾಪಾಲಕರು, "ಮನಸ್ಸು ಬಂದಾಗ ಕೊಟ್ಟರ ಸಾಲೂದಿಲ್ಲ, ತಿಂಗಳಾ ತಪ್ಪದ ಕೊಡ್ತೀವಿ ಅಂತ ಮಾತು ಕೊಡ್ರಿ" ಎಂದರು. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ಅವಳ ಗಂಡ ಬಾಳು ಅರ್ಧ ಎದ್ದೇಬಿಟ್ಟಿದ್ದ. ಸುಗಂಧಾ ಅಂಗಿಯ ತುದಿ ಹಿಡಿದು ಜಗ್ಗಿ ಕೂರಿಸಿದಳು.

"ಮಶೀನಿನ ರೊಕ್ಕ ಐತ್ರಿ ಅದು!" ಎಂದು ಪಿಸುಗುಟ್ಟಿದಳು. ಹೊಲಿಗೆ ಮಶೀನು ಕೊಂಡು ನಾಲ್ಕು ಕುಪ್ಪಸ ಹೊಲಿದು ಸಂಸಾರಕ್ಕೆ ಆಸರೆಯಾಗಬೇಕೆಂದು ಅವಳು ವರ್ಷದಿಂದ ಕೂಡಿಸುತ್ತಿದ್ದಳು.

"ದೇವರು ಕೊಡ್ತಾನ ಬೇ."

"ಕೊಡ್ತಾನ ಖರೆ. ನೀವು ಉಳಸಬೇಕಲ್ಲ!"

ಅಷ್ಟರಲ್ಲಿ ಅವಳ ತಲೆಯಲ್ಲೊಂದು ದಿವ್ಯಜ್ಞಾನ ಹೊಳೆಯಿತು. ತಾನೇ ಎದ್ದು ನಿಂತು, "ನಮ್ಮ ಮನಿಯಿಂದ ತಿಂಗಳಿಗೊಂದ ಕೋಳಿ ಕೊಡ್ತೀವ್ರಿ" ಎಂದಳು. ಕೋಳಿ ಹಿತ್ತಲಲ್ಲಿ ತಾನಾಗಿ ಬೆಳೆಯುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಪ್ರಮೇಯವೇ ಇಲ್ಲ!

ಕಾಳು, ಕುಂಬಳಕಾಯಿ, ಕೋಳಿ ಹೀಗೆ ಏನೇ ಕಾಣಿಕೆ ಬಂದರೂ ಆರಾಧನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಲಿಲಾವು, ಅಂದರೆ ಹರಾಜು, ಮಾಡಿ ಬಂದ ಹಣವನ್ನು ಸಭೆಗೆ ಸೇರಿಸುವುದು ಅಲ್ಲಿಯ ಪದ್ಧತಿ. ಕೂಗುವವರು ಹಿರಿಯರಾದ ರಾವಸಾಹೇಬರು. ಮೊದಲ ತಿಂಗಳು ಅವರು ಸುಗಂಧಾಳ ಕೆಂಪು ಹೇಂಟೆಯನ್ನು ಕಾಲು ಹಿಡಿದು ಎತ್ತಿದ್ದೇ ತಡ, ಅವಳ ಸೊಂಟದ ಮೇಲಿದ್ದ ಮಗಳು ಮಾರ್ಥಾ ಇಡೀ ಶಿರಗುಪ್ಪಿಗೆ ಕೇಳುವಂತೆ ಚೀರಿದಳು.

"ನನ್ನ ಕೆಂಪೀ!"

ಆ ಕಣ್ಣೀರು ನೋಡಿ ತಡೆದುಕೊಳ್ಳುವ ತಂದೆ ಎಲ್ಲಿದ್ದಾನೆ? ಬಾಳು ಕೈ ಎತ್ತಿದ. ಇನ್ನೊಬ್ಬರು ಏರಿಸಿದರು. ಬಾಳು ಮತ್ತೆ ಏರಿಸಿದ. ಮಾರ್ಥಾ ಬಿಕ್ಕಳಿಸಿದಂತೆಲ್ಲ ಹೇಂಟೆಯ ಬೆಲೆ ಏರಿತು. ಕೊನೆಗೆ ಪೇಟೆಯಲ್ಲಿ ಎರಡು ಹೇಂಟೆ ಬರುವ ಬೆಲೆಗೆ ಕೆಂಪಿ ಸ್ವಗೃಹಕ್ಕೆ ಮರಳಿತು.

ಮುಂದಿನ ತಿಂಗಳು ಬೇರೆ ಕೋಳಿ ಕೊಡೋಣವೆಂದರೆ, ಮರಿಗಳನ್ನೆಲ್ಲ ಬೆಕ್ಕೂ ಹದ್ದೂ ಹಂಚಿಕೊಂಡಿದ್ದವು. ಕೊಟ್ಟ ಮಾತು ತಪ್ಪುವಂತಿಲ್ಲ. ಮತ್ತೆ ಕೆಂಪಿ ಹೋಯಿತು, ಮತ್ತೆ ಬಂತು. ಅದರ ಮುಂದಿನ ತಿಂಗಳೂ ಅಷ್ಟೇ. ಅಷ್ಟರಲ್ಲಿ ಬಾಳು ಎಷ್ಟಾದರೂ ಕೆಂಪಿಯನ್ನು ಬಿಡುವುದಿಲ್ಲವೆಂಬ ಗುಟ್ಟು ಸಭೆಗೆ ತಿಳಿದಿತ್ತು. ಜನ್ಮದಲ್ಲಿ ಕೋಳಿ ಮುಟ್ಟದವರೂ (ಬಾಯಿಗೆ ಹಲ್ಲಿಲ್ಲದ ಗಿರಿಜವ್ವ ಕೂಡ!) ದೇವರ ಕೆಲಸವೆಂದು ಹುರುಪಿನಿಂದ ಬೆಲೆ ಏರಿಸತೊಡಗಿದರು.

"ಸುಗಂಧಾಬಾಯಿ ಮನಿಯಷ್ಟು ನೇಮದಿಂದ ಕೊಡವರು ಯಾರೂ ಇಲ್ಲ ನೋಡ್ರಿ" ಎಂದು ಸಭಾಪಾಲಕರು ಹೊಗಳಿದರು. ಸುಗಂಧಾ ನಕ್ಕಳು, ಒಳಗೆ ಡಬ್ಬಿ ಅಳುತ್ತಿತ್ತು.

"ಮಶೀನು ಹಾಳಾಗಿ ಹೋಗ್ಲಿ, ದಾರದ ಉಂಡಿಗೂ ರೊಕ್ಕ ಉಳೀಲಿಲ್ಲ" ಎಂದು ಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದಳು.

"ಕೋಳಿ ಕೊಡ್ತೀನಿ ಅಂದಾಕಿ ನೀನ."

"ಕೊಳ್ಳಾಕ ಹೇಳಿದ್ನೇನ್ರಿ?"

"ಹಂಗಾರ ಮುಂದಿನ ಸಲ ಮಗಳನ್ನ ನೀನ ಸಮಾಧಾನ ಮಾಡು."

ರಾತ್ರಿ ಕೆಂಪಿಯ ಬುಟ್ಟಿಯ ಮೇಲೆ ಕೈಯಿಟ್ಟೇ ನಿದ್ದೆಹೋಗುವ ಮಗಳನ್ನು ಸಮಾಧಾನ ಮಾಡುವುದು ಸುಗಂಧಾಳಿಂದಲೂ ಆಗದ ಮಾತು. ಅದಕ್ಕಿಂತ ಬಾಳು ಮೊದಲು ಹೇಳಹೊರಟಿದ್ದಷ್ಟು ರೊಕ್ಕ ಕೊಡುವುದೇ ಅಗ್ಗ. ಮರುವಾರ ಸಭೆಯಲ್ಲಿ ಎದ್ದು, "ಇನ್ನಮ್ಯಾಲೆ ಕೋಳಿ ಇಲ್ರಿ, ತಿಂಗಳಾ ರೊಕ್ಕಾನ ಕೊಡ್ತೀವಿ" ಎಂದು ಘೋಷಿಸಿದಳು. ಪಗಾರದ ದಿನ ಗಂಡನ ಕಿಸೆಯನ್ನು ಪೂರ್ತಿ ಬರಿದು ಮಾಡಿ ಹಣವನ್ನೆಲ್ಲ ತನ್ನ ಪರ್ಸಿಗೆ ಹಾಕಿಕೊಂಡಳು. ಕಿಸೆ ಖಾಲಿಯಿದ್ದವನು ಕೈ ಎತ್ತುವುದು ಹೇಗೆ?

ಅದರ ಮುಂದಿನ ಭಾನುವಾರ ಚರ್ಚಿನಲ್ಲಿ ಚಾಪೆ ಹಾಸುವ ಪಾಳಿ ಅವಳದಾದ್ದರಿಂದ ಗಂಡ, ಮಗಳನ್ನು ಹಿಂದಿನಿಂದ ಬರಹೇಳಿ ಮೊದಲೇ ಹೋದಳು. ಕಾಣಿಕೆಯ ಚೀಲ ಬಂದಾಗ ತಲೆಯೆತ್ತಿ ಹಣ ಹಾಕಿದಳು. ಆರಾಧನೆ ಮುಗಿದು ಹೊರಗೆ ಬಂದರೆ, ಬೇವಿನ ಗಿಡದ ಕೆಳಗೆ ಮಾರ್ಥಾ! ಕಂಕುಳಲ್ಲಿ ಕೆಂಪಿ.

"ಇದನ್ಯಾಕ ತಂದ್ರೀ?"

"ಅಕಿನ ತಂದಾಳ" ಎಂದ ಬಾಳು. "ಕೆಂಪಿ ಬರಲಿಲ್ಲಂದ್ರ ನಾನೂ ಬರೂದಿಲ್ಲ ಅಂತ ಅಳಾಕತ್ತಿದ್ಳು."

ಮಾರ್ಥಾ ನೆಟ್ಟಗೆ ಹೋಗಿ ಹೇಂಟೆಯನ್ನು ರಾವಸಾಹೇಬರ ಕೈಗಿತ್ತಳು. ಕಣ್ಣಲ್ಲಿ ಒಂದು ಹನಿಯೂ ಇಲ್ಲ.

"ಕೂಗು ಅಜ್ಜಾ. ಅಪ್ಪಾ ತಗೋತಾನ."

ಇಷ್ಟು ಭಕ್ತಿಯಿಂದ ಕೊಟ್ಟದ್ದನ್ನು ಬೇಡವೆನ್ನಲು ರಾವಸಾಹೇಬರಿಗೆ ಮನಸ್ಸಾಗಲಿಲ್ಲ. ಲಿಲಾವು ಶುರುವಾಯಿತು. ಗಿರಿಜವ್ವ ಉತ್ಸಾಹದಿಂದ ಏರಿಸಿದಳು. ಮಾರ್ಥಾ ತಂದೆಯತ್ತ ನೋಡಿದಳು. ಬಾಳು ಎರಡೂ ಕಿಸೆಗಳನ್ನು ಹೊರಗೆಳೆದು ತೋರಿಸಿದ. ಮಗಳ ತುಟಿ ನಡುಗಿತು.

"ಒಂದ್ ಸಾರಿ... ಎರಡ್ ಸಾರಿ..."

ಕೈ ಮೇಲೆದ್ದಿತು. ಸುಗಂಧಾಳದು.